ಮನೇಲಿ ಮಲ್ಟಿಜಿಮ್ ಮಷೀನ್ ತಗೊಳ್ಳೋದಾ ಬೇಡ್ವಾ? 38 ಸಾವಿರ ಕೈಬಿಡೋ ಮುಂಚೆ ಹೇಳ್ರಪ್ಪಾ

ವಿಜಯನಗರದ_ಬೊಜ್ಜ
ಎಲ್ರಿಗೂ ನಮಸ್ಕಾರ. ವಯಸ್ಸು 41, ತೂಕ 84, ಬೆಳಗ್ಗೆಯಿಂದ ಸಂಜೆ ತನಕ ಕೂತ್ಕೊಂಡೇ ಮಾಡೋ ಕೆಲ್ಸ. ಜಿಮ್‌ಗೆ ಮೂರು ಸಲ ಸೇರಿ ಮೂರು ಸಲ ಬಿಟ್ಟಿದೀನಿ. ಕೊನೇ ಸಲ 15,200 ಕಟ್ಟಿ ಬರೀ 19 ದಿನ ಹೋದೆ, ಮನೆಯವಳು ಲೆಕ್ಕ ಹಾಕಿ "ದಿನಕ್ಕೆ 800" ಅಂತ ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ಲು, ಇನ್ನೂ ಅಲ್ಲೇ ಇದೆ.

ಈಗ ಮನೇಲೇ ಒಂದು ಮಲ್ಟಿಜಿಮ್ ಹಾಕಿಸೋಣ ಅಂತ. ಒಂದೇ ಸೀಟಿಂದು, 72 ಕೆಜಿ ಪ್ಲೇಟು, ಲ್ಯಾಟ್ ಪುಲ್‌ಡೌನ್ (ತಲೆ ಮೇಲಿನ ಬಾರ್ ಕೆಳಗೆ ಎಳೆಯೋದು), ಚೆಸ್ಟ್ ಪ್ರೆಸ್ (ಎದೆ ಮುಂದೆ ಹಿಡಿ ನೂಕೋದು), ಬಟರ್‌ಫ್ಲೈ (ಎರಡೂ ಕೈ ಎದೆ ಮುಂದೆ ಸೇರಿಸೋದು), ಲೆಗ್ ಎಕ್ಸ್‌ಟೆನ್ಷನ್ (ಕೂತು ಕಾಲು ಚಾಚೋದು) ಎಲ್ಲಾ ಇರೋದು. ಅಂಗಡಿಯವನು ಫಿಟ್ಟಿಂಗ್ ಸೇರಿ 38,000 ಅಂದ. ರಾಜಾಜಿನಗರದಲ್ಲಿ ಒಬ್ರು ಸೆಕೆಂಡ್ ಹ್ಯಾಂಡ್ 14,000ಕ್ಕೆ ಕೊಡ್ತಾರಂತೆ. ಜಾಗ ಅಂದ್ರೆ ಮಹಡಿ ಮೇಲೆ 10x11 ರೂಮ್ ಖಾಲಿ ಇದೆ. ಅಮ್ಮಂಗೆ 64, ಶುಗರ್ ಇದೆ, ಡಾಕ್ಟ್ರು ಬರೀ ವಾಕಿಂಗ್ ಸಾಲಲ್ಲ ಸ್ವಲ್ಪ ಶಕ್ತಿ ವ್ಯಾಯಾಮನೂ ಬೇಕು ಅಂದಿದಾರೆ, ಅವರಿಗೂ ಆಗತ್ತೆ ಅನ್ನೋದು ನನ್ನ ವಾದ.

ಬಟ್ಟೆ ಒಣಗಾಕೋ ಜೋಕ್ ದಯವಿಟ್ಟು ಬೇಡ. ಮನೇಲಿ ಆಗಲೇ ಆಗಿದೆ.

ತುಮಕೂರ್_ತಟ್ಟೆಇಡ್ಲಿ
ಬಟ್ಟೆಗೆ ಟ್ರೆಡ್‌ಮಿಲ್ಲೇ ಬೆಸ್ಟು ಸಾರ್. ಮಲ್ಟಿಜಿಮ್‌ನಲ್ಲಿ ಸೀರೆ ಪುಲ್ಲಿಗೆ ಸಿಕ್ಕಾಕೊಳತ್ತೆ. ಅನುಭವದ ಮಾತು.

ಗರಡಿ_ಗುರು
38 ಸಾವಿರ ಯಾಕ್ರೀ ಸುಡ್ತೀರಾ. ನಮ್ಮ ತಾತ ಮೈಸೂರಲ್ಲಿ ಗರಡಿ ಆಳು, ದಿನಾ ದಂಡ ಬಸ್ಕಿ ಹೊಡೆದು 70 ದಾಟಿದ್ಮೇಲೂ ನೀರಿನ ಕೊಡ ಎರಡು ಕೈಲಿ ಎರಡು ಎತ್ಕೊಂಡು ಬರೋರು. ಯಾವ ಮಷೀನು ಯಾವ ಪಿನ್ನು? ನೆಲ ಇದೆ, ಮೈ ಇದೆ, ಶುರು ಮಾಡಿ ಅಷ್ಟೆ. ಇದೆಲ್ಲಾ ಶೋಕಿ ಕಣ್ರಿ.

ಬನಶಂಕರಿ_ಬಸ್ಕಿ
@ಗರಡಿ_ಗುರು ನಿಮ್ಮ ತಾತನ ಬಗ್ಗೆ ಗೌರವ ಇದೆ ಗುರುಗಳೇ, ಆದ್ರೆ ಗರಡೀಲಿ ಬರಿಗೈ ಇತ್ತು ಅಂತ ಯಾರು ಹೇಳಿದ್ದು? ಗದೆ ಇತ್ತು, ಕಲ್ಲುಗುಂಡು ಇತ್ತು, ಮಟ್ಟಿ (ಕುಸ್ತಿ ಕಣದ ಮಣ್ಣು) ಅಗೆಯೋದೇ ಒಂದು ವ್ಯಾಯಾಮ. ಉತ್ತರ ಕರ್ನಾಟಕದ ಕಡೆ ಜಾತ್ರೇಲಿ ಇವತ್ತೂ ಸಂಗ್ರಾಣಿ ಕಲ್ಲು ಎತ್ತಿಸ್ತಾರೆ. ಅಂದ್ರೆ ಭಾರ ಬೇಕು ಅಂತ ಅವ್ರಿಗೂ ಗೊತ್ತಿತ್ತು. ದಂಡದಲ್ಲಿ ನೂಕೋದಿದೆ, ಬಸ್ಕಿಲಿ ಕಾಲಿದೆ, ಎಳೆಯೋದು ಎಲ್ಲಿದೆ? ಅದಕ್ಕೆ ಅವ್ರು ಹಗ್ಗ ಹತ್ತೋರು, ಜೋಡಿ ಜೊತೆ ಕುಸ್ತಿ ಹಿಡಿಯೋರು. ವಿಜಯನಗರದ ಮೂರನೇ ಕ್ರಾಸಲ್ಲಿ 84 ಕೆಜಿ ಮನುಷ್ಯ ಯಾರ ಜೊತೆ ಕುಸ್ತಿ ಹಿಡೀಬೇಕು?

ವಿಜಯನಗರದ_ಬೊಜ್ಜ
ಫ್ರಿಜ್ ಚೀಟಿ ಅಂಟಿಸಿದವಳ ಜೊತೆ ದಿನಾ ಹಿಡೀತಾ ಇದೀನಿ, ದಿನಾ ಚಿತ್.

ಸಿಮೆಂಟ್_ಸಿದ್ದ
ಮಹಡಿ ಮೇಲೆ ಅಂದ್ರಲ್ಲ, ಅದಕ್ಕೆ ಹೇಳ್ತೀನಿ, ನಾನು ಸಿವಿಲ್. ಮನೆ ಕಟ್ಟೋವಾಗ ಐಎಸ್ 875 (ಕಟ್ಟಡ ಎಷ್ಟು ಭಾರ ತಡೀಬೇಕು ಅನ್ನೋ ಭಾರತದ ಸ್ಟ್ಯಾಂಡರ್ಡ್) ಪ್ರಕಾರ ರೂಮಿನ ನೆಲಕ್ಕೆ ಚದರ ಮೀಟರ್‌ಗೆ ಸುಮಾರು 200 ಕೆಜಿ ಲೋಡ್ ಹಿಡಿದು ಡಿಸೈನ್ ಮಾಡ್ತಾರೆ. ನಿಮ್ಮ ಮಷೀನ್ ಫ್ರೇಮು ಪ್ಲೇಟು ಸೇರಿ 150 ಅಂದ್ಕೊಳ್ಳಿ, ನೀವು 84, ಜಾಗ ಒಂದೂವರೆ ಮೀಟರ್‌ಗೆ ಒಂದು ಮೀಟರ್ ಚಿಲ್ರೆ. ಲೆಕ್ಕದೊಳಗೇ ಬರತ್ತೆ, ಸರಿಯಾಗಿ ಕಟ್ಟಿದ ಆರ್‌ಸಿಸಿ ಆಗಿದ್ರೆ ಹೆದರಬೇಡಿ. ಮರದ ತೊಲೆ ಮೇಲೆ ಇಟ್ಟಿಗೆ ಜೋಡಿಸಿರೋ ಹಳೇ ಮದ್ರಾಸ್ ತಾರಸಿ ಮನೆ ಆಗಿದ್ರೆ ಮಾತ್ರ ಯಾರಿಗಾದ್ರೂ ತೋರಿಸಿ.

ನಿಜವಾದ ಪ್ರಾಬ್ಲಮ್ ತೂಕ ಅಲ್ಲ, ಏಟು. ಪ್ಲೇಟ್ ದಡ್ ಅಂತ ಬಿಟ್ರೆ ಕೆಳಗಿನವರಿಗೆ ತಲೆ ಮೇಲೆ ಬಿದ್ದಂಗಾಗತ್ತೆ, ಡಂಬೆಲ್ ಕೈ ಜಾರಿದ್ರೆ ಟೈಲ್ಸ್ ಹೋಗತ್ತೆ. ರಬ್ಬರ್ ಮ್ಯಾಟ್ ದಪ್ಪಂದು ಹಾಕಿ. ಮೊದಲ ತಿಂಗಳು ರೂಮೆಲ್ಲಾ ಟೈರ್ ಅಂಗಡಿ ವಾಸನೆ ಬರತ್ತೆ, ಸಹಿಸ್ಕೊಳ್ಳಿ. ಆಮೇಲೆ ಎತ್ತರ ನೋಡಿದ್ರಾ? ಮಷೀನ್ ಹತ್ರ ಹತ್ರ 7 ಅಡಿ ಇರತ್ತೆ, ಸಜ್ಜ ಇರೋ ಗೋಡೆಗೆ ಹೋಗಲ್ಲ.

ನಿವೃತ್ತ_ಮೇಷ್ಟ್ರು
72 ಕೆಜಿ ಅಂತ ಸ್ಟಿಕ್ಕರ್ ಇದ್ದರೆ ಕೈಗೆ 72 ಕೆಜಿ ಬರುತ್ತದೆ ಅಂತ ತಿಳಿಯಬೇಡಿ. ಬಾವಿ ರಾಟೆ ನೆನಪಿಸಿಕೊಳ್ಳಿ. ಮೇಲೆ ಕಟ್ಟಿದ ರಾಟೆ ಹಗ್ಗದ ದಿಕ್ಕು ಬದಲಾಯಿಸುತ್ತದೆ ಅಷ್ಟೇ, ಭಾರ ಕಡಿಮೆ ಮಾಡಲ್ಲ. ಆದರೆ ರಾಟೆಯೇ ಭಾರದ ಜೊತೆ ಮೇಲೆ ಕೆಳಗೆ ಓಡಾಡುತ್ತಿದ್ದರೆ ಕೈಗೆ ಅರ್ಧ ಭಾರ, ಹಗ್ಗ ಮಾತ್ರ ಎರಡರಷ್ಟು ಎಳೆಯಬೇಕು. ಎರಡು ಕಂಬದ ಕೇಬಲ್ ಮಷೀನುಗಳಲ್ಲಿ ಇದು ಸಾಮಾನ್ಯ, 72 ಹಾಕಿದರೆ 36. ಸಣ್ಣ ಮಲ್ಟಿಜಿಮ್‌ನಲ್ಲಿ ಒಂದೊಂದು ಕಡೆ ಒಂದೊಂದು ಲೆಕ್ಕ, ಚೆಸ್ಟ್ ಪ್ರೆಸ್‌ನಲ್ಲಿ ಸನ್ನೆಕೋಲಿನ ಉದ್ದ ಬೇರೆ ಸೇರಿಕೊಳ್ಳುತ್ತದೆ.

ಬಸ್ಸು ವಿಮಾನಕ್ಕೆ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಸಿಗುತ್ತಲ್ಲ, ಅದನ್ನು ತೆಗೆದುಕೊಂಡು ಹೋಗಿ. ಎಷ್ಟು ಪ್ಲೇಟ್ ಎತ್ತಬೇಕು ಅಂತ ಸಿಕ್ಕಿಸುವ ಪಿನ್ನನ್ನು 20 ಕೆಜಿಗೆ ಹಾಕಿ ಹಿಡಿಗೆ ಕೊಕ್ಕೆ ಸಿಕ್ಕಿಸಿ ನಿಧಾನ ಎಳೆಯಿರಿ. ಎಳೆಯುವಾಗ ಒಂದು ಅಂಕಿ, ಬಿಡುವಾಗ ಒಂದು ಅಂಕಿ ತೋರಿಸುತ್ತದೆ. ಎರಡರ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಘರ್ಷಣೆ ಜಾಸ್ತಿ, ಅಂದರೆ ಬೇರಿಂಗು ಕಂಬಿ ಹಾಳಾಗಿದೆ. ಅಂಗಡಿಯವನು ಮುಖ ನೋಡುತ್ತಾನೆ, ನೋಡಲಿ.

ಹಾಗೇ ಒಂದು ವಿಷಯ. 1970ರಲ್ಲಿ ಅಮೆರಿಕದ ಆರ್ಥರ್ ಜೋನ್ಸ್ ನಾಟಿಲಸ್ ಅಂತ ಮಷೀನು ತಂದ, ರಾಟೆ ದುಂಡಗಿರಲಿಲ್ಲ, ಶಂಖದ ಹಾಗೆ ಸೊಟ್ಟಗಿತ್ತು. ಕೈ ಮಡಚುವಾಗ ನಮ್ಮ ಶಕ್ತಿ ಎಲ್ಲ ಕೋನದಲ್ಲೂ ಒಂದೇ ಇರಲ್ಲ, ಅದಕ್ಕೆ ತಕ್ಕಂತೆ ಭಾರವೂ ಬದಲಾಗಲಿ ಅಂತ. ಎಂಥ ತಲೆ ನೋಡಿ.

ತುಮಕೂರ್_ತಟ್ಟೆಇಡ್ಲಿ
ಮೇಷ್ಟ್ರೇ ನೀವು ಹೈಸ್ಕೂಲಲ್ಲಿ ನಂಗೆ ಸಿಗಬೇಕಿತ್ತು 🙏

ಕುಡ್ಲದ_ಮಳೆ
ನಮ್ಮಲ್ಲಿ ಇದರದ್ದು ಬೇರೆಯೇ ಕಥೆ ಉಂಟು ಮಾರಾಯ್ರೆ. ಸಮುದ್ರದಿಂದ ಒಂದೂವರೆ ಕಿಲೋಮೀಟರ್ ಮನೆ. ಜನವರಿಯಲ್ಲಿ ಮಷೀನ್ ತಂದದ್ದು, ಆಟಿ ತಿಂಗಳ ಮಳೆ ಮುಗಿಯುವಾಗ ಪ್ಲೇಟ್ ಜಾರುವ ಕಂಬಿ ಎಲ್ಲ ಕೆಂಪು ಕೆಂಪು, ಎಳೆದ್ರೆ ಹಳೆ ಗೇಟಿನ ಹಾಗೆ ಕಿರ್ರ್ ಅಂತ. ನಾನು ಮೊದಲು ತೆಂಗಿನೆಣ್ಣೆ ಹಚ್ಚಿದ್ದು, ಅದು ಧೂಳು ಹಿಡಿದು ಇನ್ನೂ ರೋಸಿ ಹೋಯ್ತು. ಮತ್ತೆ ಒಬ್ಬ ಮೆಕ್ಯಾನಿಕ್ ಹೇಳಿದ್ದು, ಸಿಲಿಕಾನ್ ಸ್ಪ್ರೇ ಹಾಕ್ಲಿಕ್ಕೆ, ಬಟ್ಟೆಯಲ್ಲಿ ಒರೆಸಿ ಒರೆಸಿ. ಈಗ ಮಳೆಗಾಲದಲ್ಲಿ ತಿಂಗಳಿಗೆ ಎರಡು ಸಲ ಅದೇ ಒಂದು ಪೂಜೆ. ಬೆಂಗಳೂರಲ್ಲಿ ಅಷ್ಟು ತೊಂದರೆ ಆಗ್ಲಿಕ್ಕಿಲ್ಲ. ಆದ್ರೆ ಕೇಬಲ್ ಮಾತ್ರ ನೋಡ್ಲೇಬೇಕು, ಮೇಲಿನ ಪ್ಲಾಸ್ಟಿಕ್ ಕೋಟಿಂಗ್ ಒಡೆದು ಒಳಗಿನ ತಂತಿ ಕಂಡ್ರೆ ಅವತ್ತೇ ಬದಲಿಸುದು. ತಲೆ ಮೇಲಿನಿಂದ ಎಳೆಯುವ ವಸ್ತು ಅದು, ತುಂಡಾದ್ರೆ ಬಾರ್ ನೇರ ಮುಖಕ್ಕೆ.

ಬಾಡಿಗೆ_ಬದುಕು
ಬಾಡಿಗೆ ಮನೆಯವ್ರು ಯಾರೂ ಈ ಕೆಲ್ಸ ಮಾಡಬೇಡಿ ಅಂತ ಹೇಳೋಕೆ ಬಂದೆ. ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಾಯ್ಸಿದೆ, ಪ್ರತಿ ಸಲ ಬಿಚ್ಚೋಕೆ ಒಬ್ಬ, ಜೋಡಿಸೋಕೆ ಇನ್ನೊಬ್ಬ, ಪ್ಲೇಟ್ ಹೊರೋಕೆ ಪ್ಯಾಕರ್ಸ್‌ನವ್ರು ಬೇರೆ ದುಡ್ಡು, ಎರಡನೇ ಸಲ ನಾಲ್ಕು ಬೋಲ್ಟು ಮಿಕ್ಕೋಯ್ತು, ಎಲ್ಲಿಂದು ಅಂತ ಯಾರಿಗೂ ಗೊತ್ತಿಲ್ಲ, ಕೂತು ಎಳೆಯೋವಾಗೆಲ್ಲಾ ಆ ನಾಲ್ಕು ಬೋಲ್ಟ್ ಕಣ್ಮುಂದೆ ಬರೋದು. ಕೊನೆಗೆ ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕಿದೆ. ಪ್ಲೇಟ್ ಒಡೆದು ನೋಡಿದ್ರೆ ಒಳಗೆ ಸಿಮೆಂಟು! ಗುಜರಿಯವನು ಅದನ್ನ ತೂಕಕ್ಕೇ ಹಾಕ್ಕೊಳ್ಳಿಲ್ಲ.

ಧಾರವಾಡದ_ಅಕ್ಕ
ಎಲ್ಲಾರೂ ಬ್ಯಾಡ ಬ್ಯಾಡ ಅನ್ನಾಕತ್ತೀರಿ, ನಾ ಒಬ್ಬಾಕಿ ಹೌದು ಅಂತೀನಿ ನೋಡ್ರಿ.

ನಂಗ 53. ಶಾಲ್ಯಾಗ ಕಲಸ್ತೀನಿ. ಆರು ವರ್ಷದಿಂದ ಮನ್ಯಾಗ ಮಷೀನ್ ಅದ, ಮೊದಲನೇ ವರ್ಷ ಬಿಟ್ರ ವಾರಕ್ಕ ಮೂರು ದಿನ ತಪ್ಪಿಲ್ಲ. ಜಿಮ್ಮಿಗೆ ಹೋಗಿದ್ದೆ ಮೊದಲ. ಲೇಡೀಸ್ ಟೈಮ್ ಅಂತ 11 ಗಂಟೆಯಿಂದ 1 ಗಂಟೆ ಇಟ್ಟಿದ್ರು, ನೌಕರಿ ಮಾಡೋ ಹೆಣ್ಮಕ್ಕಳು ಆ ಹೊತ್ತಿಗೆ ಎಲ್ಲಿರ್ತಾರ್ರಿ? ಸಂಜಿಮುಂದ ಹೋದ್ರ ಹುಡುಗೂರೆಲ್ಲಾ ಕನ್ನಡಿ ಮುಂದ ನಿಂತಿರ್ತಾರ, ನಾವು ಐದು ಕೆಜಿ ಎತ್ತಿದ್ರ ಒಬ್ಬರ ಮುಖ ಒಬ್ಬರು ನೋಡತಾರ. ಸಾಕಾತು. ಡಂಬೆಲ್ ತಂದ್ರ ಮನ್ಯಾಗ ನಾ ಒಬ್ಬಾಕಿನ, ಎದಿ ಮ್ಯಾಲೆ ಸಿಕ್ಕೊಂಡ್ರ ಎತ್ತಾಕ ಯಾರಿಲ್ಲ. ಮಷೀನಿನ್ಯಾಗ ಆ ಅಂಜಿಕಿ ಇಲ್ಲ. ಕೈ ಬಿಟ್ರ ಪ್ಲೇಟ್ ತನ್ನ ಜಾಗಾಕ್ಕ ಹೋಗಿ ಕೂಡತದ, ಅಷ್ಟ.

ಆದ್ರ ಒಂದು ಮಾತು. ನೀವು ಮಹಡಿ ಮ್ಯಾಲೆ ಖಾಲಿ ರೂಮಿನ್ಯಾಗ ಇಡತೀನಿ ಅಂದ್ರಲ್ಲ, ಅಲ್ಲೇ ನಿಮ್ಮ 38 ಸಾವಿರ ಸತ್ತಿತು. ನಾ ಮೊದಲನೇ ವರ್ಷ ಹಿಂದಿನ ಖೋಲ್ಯಾಗ ಇಟ್ಟಿದ್ದೆ, ತಿಂಗಳದಾಗ ನಾಕು ಸಲ ಆಗಿರಬೇಕು. ಆಮ್ಯಾಲೆ ಹಾಲ್‌ನ್ಯಾಗ ಟಿವಿ ಎದುರಿಗೆ ತಂದು ನಿಲ್ಲಿಸಿದೆ. ಮನಿಗೆ ಬಂದವ್ರು "ಇದೇನ್ ಬಾಯಾರ?" ಅಂತ ಕೇಳತಾರ, ಕೇಳಲಿ. ದಿವಾನ ಹೋತು, ಮಷೀನ್ ಬಂತು. ಕಣ್ಣಿಗೆ ಬಿದ್ರ ಕೈ ಹೋಗತದ ನೋಡ್ರಿ.

ಸಿಮೆಂಟ್_ಸಿದ್ದ
ಅಕ್ಕಾವ್ರ ಮಾತು ಒಪ್ಪಬೇಕಾದ್ದೇ. ನಮ್ಮನೇಲೂ ಸೈಕಲ್ ಟೆರೇಸ್ ರೂಮಲ್ಲಿ ತುಕ್ಕು ಹಿಡೀತಿದೆ.

ಗರಡಿ_ಗುರು
ಅಕ್ಕೋರು ಮಷೀನ್ ಇಲ್ದೆ ಇದ್ರೂ ಮಾಡ್ತಿದ್ರು, ಅದು ಅವರ ಶಿಸ್ತು. ಮಷೀನ್ ಕ್ರೆಡಿಟ್ ಅಲ್ಲ.

ಧಾರವಾಡದ_ಅಕ್ಕ
ಶಿಸ್ತು ಇದ್ದಿದ್ರ 47 ವರ್ಷ ಯಾಕ ಸುಮ್ಮ ಕೂಡತಿದ್ದೆ ತಮ್ಮಾ.

ಫಿಸಿಯೋ_ಮೇಡಂ
ಅಮ್ಮನ ವಿಷಯ ಯಾರೂ ಮಾತಾಡ್ತಿಲ್ಲ ಅದಕ್ಕೆ ಬಂದೆ. ನಾನು ಫಿಸಿಯೋಥೆರಪಿಸ್ಟ್.

ಡಾಕ್ಟ್ರು ಹೇಳಿದ್ದು ಸರಿ. ಊಟ ಆದ್ಮೇಲೆ ರಕ್ತಕ್ಕೆ ಬರೋ ಸಕ್ಕರೇಲಿ ದೊಡ್ಡ ಪಾಲು ಹೋಗೋದು ಸ್ನಾಯುಗೇ, ಸ್ನಾಯು ಕರಗಿದ್ರೆ ಆ ಗೋಡೌನೇ ಚಿಕ್ಕದಾಯ್ತು ಅಂತ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಲಿ ದೊಡ್ಡವ್ರಿಗೆಲ್ಲಾ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಅಂದಿದೆ, 65 ದಾಟಿದವ್ರಿಗೆ ಬ್ಯಾಲೆನ್ಸ್ ಮತ್ತೆ ಶಕ್ತಿ ಎರಡೂ ಸೇರಿದ್ದು ಮೂರು ದಿನ.

ಆದ್ರೆ ಅದಕ್ಕೆ ಮಲ್ಟಿಜಿಮ್ ಬೇಕಾಗಿಲ್ಲ. ಬಹಳಷ್ಟು ಮಷೀನಲ್ಲಿ ಮೊದಲನೇ ಪ್ಲೇಟೇ ಅವರಿಗೆ ಭಾರ ಆಗತ್ತೆ, ಸೀಟು ಲಿವರ್ ಎಲ್ಲಾ ನಿಮ್ಮ ಎತ್ತರಕ್ಕೆ ಮಾಡಿರೋದು, ಐದಡಿ ಒಳಗಿರೋರಿಗೆ ಮಂಡಿ ಸರಿಯಾದ ಜಾಗಕ್ಕೆ ಕೂರಲ್ಲ. ಗಟ್ಟಿ ಕುರ್ಚಿ ಗೋಡೆಗೆ ಒರಗಿಸಿ ಕೈ ಊರದೆ ಎದ್ದು ಕೂರೋದು ಹತ್ತು ಸಲ, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯೋದು, ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು. ಅಷ್ಟರಿಂದ ಶುರು. ಎರಡು ವಿಷಯ ಮಾತ್ರ ಮರೀಬೇಡಿ. ಶುಗರ್ ಇರೋರು ಕಣ್ಣಿನ ರೆಟಿನಾ ಚೆಕ್ ಮಾಡ್ಸಿರಬೇಕು, ಅಲ್ಲಿ ತೊಂದ್ರೆ ಜಾಸ್ತಿ ಇದ್ರೆ ಉಸಿರು ಬಿಗಿಹಿಡಿದು ಮುಕ್ಕಿ ಭಾರ ಎತ್ತಬಾರದು. ಇನ್ಸುಲಿನ್ ಅಥವಾ ಶುಗರ್ ಇಳಿಸೋ ಕೆಲವು ಮಾತ್ರೆ ತಗೊಳ್ತಿದ್ರೆ ಖಾಲಿ ಹೊಟ್ಟೇಲಿ ಬೇಡ, ಡಾಕ್ಟ್ರನ್ನ ಕೇಳಿ.

ನಿಮಗೂ ಒಂದು ಮಾತು ಬೊಜ್ಜ ಅವರೇ: ಲ್ಯಾಟ್ ಬಾರ್ ಕತ್ತಿನ ಹಿಂದಕ್ಕೆ ಎಳೀಬೇಡಿ, ಎದೆ ಮುಂದಕ್ಕೆ. ವಾರಕ್ಕೆ ಒಬ್ಬರಾದ್ರೂ ಹಾಗೆ ಮಾಡಿ ಭುಜ ಹಿಡ್ಕೊಂಡು ನನ್ನ ಹತ್ರ ಬರ್ತಾರೆ.

ಎಡಿಸನ್_ಕನ್ನಡಿಗ
ನ್ಯೂಜೆರ್ಸಿಯಿಂದ. ಇಲ್ಲಿ ಫ್ರೆಂಡ್ ಮನೇಲಿ ಟೋನಲ್ ಅಂತ ಇದೆ, ಗೋಡೆಗೆ ಹಾಕೋ ಸ್ಕ್ರೀನು, ಪ್ಲೇಟೇ ಇಲ್ಲ, ಒಳಗೆ ಮೋಟಾರು ಕರೆಂಟ್‌ನಲ್ಲೇ ಎಳೆತ ಕೊಡತ್ತೆ, ಮೊದಲನೇ ಮಾಡೆಲ್ 200 ಪೌಂಡ್ ತನಕ. ನೋಡೋಕೆ ಸಕ್ಕತ್. ಆದ್ರೆ ತಿಂಗಳು ತಿಂಗಳು ಚಂದಾ ಬೇರೆ, ಕಟ್ಟೋದು ನಿಲ್ಸಿದ್ರೆ ಅರ್ಧ ಬುದ್ಧಿ ಹೋಗತ್ತೆ ಅದಕ್ಕೆ. ಕೇಬಲ್ ಟಿವಿ ಥರ ಕಬ್ಬಿಣಕ್ಕೂ ಬಾಡಿಗೆ.

ಬ್ರ್ಯಾಂಡ್ ನಂಬಿ ಕೂರಬೇಡಿ ಅಂತ ಇನ್ನೊಂದು. ಬೋಫ್ಲೆಕ್ಸ್ ಅಂದ್ರೆ ಮನೆ ಜಿಮ್‌ಗೆ ಇನ್ನೊಂದ್ ಹೆಸರು ಅನ್ನೋ ಕಾಲ ಇತ್ತು, 2024ರ ಮಾರ್ಚಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕ್ತು, ಬೇರೆಯವ್ರು ಕೊಂಡ್ಕೊಂಡ್ರು. 2025ರ ಜೂನಲ್ಲಿ ಅದೇ ಬ್ರ್ಯಾಂಡಿನ ತೂಕ ಬದಲಾಯಿಸೋ ಡಂಬೆಲ್ ಸುಮಾರು 38 ಲಕ್ಷ ವಾಪಸ್ ಕರೆದ್ರು ಇಲ್ಲಿ, ಎತ್ತೋವಾಗ ಪ್ಲೇಟ್ ಕಳಚಿ ಬೀಳ್ತಿತ್ತು ಅಂತ. ಹಾಗಾಗಿ ಡಯಲ್ ತಿರುಗಿಸೋ ಡಂಬೆಲ್‌ಗಿಂತ ಸ್ಕ್ರೂ ಕಾಲರ್ ಹಾಕೋ ದಡ್ಡ ಡಂಬೆಲ್ಲೇ ನಂಗಿಷ್ಟ.

ಮಂಡ್ಯದ_ಮುದ್ದೆ
ಮಷೀನ್ ಗಿಷೀನ್ ಆಮೇಲೆ, ತಿನ್ನೋದೇನು ಅಂತ ಯಾರಾದ್ರೂ ಕೇಳಿದ್ರಾ? ರಾಗಿಮುದ್ದೆ ತಿಂದ್ರೆ ತಾನಾಗೇ ಶಕ್ತಿ ಬರ್ತದೆ.

ಬನಶಂಕರಿ_ಬಸ್ಕಿ
ಮುದ್ದೆ ಒಳ್ಳೇದೇ, ಆದ್ರೆ 100 ಗ್ರಾಂ ರಾಗೀಲಿ ಪ್ರೋಟೀನ್ 7 ಗ್ರಾಂ ಅಷ್ಟೆ. ಹುರುಳೀಲಿ 20 ದಾಟತ್ತೆ.

ಮಂಡ್ಯದ_ಮುದ್ದೆ
ಮುದ್ದೇನ ಬರೀ ಮುದ್ದೆ ಅಂತ ಯಾವನಯ್ಯ ತಿಂತಾನೆ? ಹುರುಳಿ ಬಸ್ಸಾರಿಗೇ ಅದ್ಕೊಂಡು ತಿನ್ನೋದು. ನಮ್ಮಜ್ಜಿ ಲೆಕ್ಕ ಹಾಕ್ದೇನೇ ಸರಿ ಮಾಡಿದ್ಲು.

ಕುಡ್ಲದ_ಮಳೆ
ನಮಗೆ ಹುರುಳಿ ಸಾರು ಉಂಟು, ಕುಚ್ಚಲಕ್ಕಿ ಗಂಜಿಗೆ ಆಗ್ತದೆ.

ನಿವೃತ್ತ_ಮೇಷ್ಟ್ರು
ಮೂಲ ಪ್ರಶ್ನೆ ಊಟದ ಎಲೆಯಲ್ಲಿ ಮುಳುಗುತ್ತಿದೆ. ವಿಜಯನಗರದವರೇ, ತಕ್ಕಡಿ ತೆಗೆದುಕೊಂಡು ಹೋದಿರಾ?

ವಿಜಯನಗರದ_ಬೊಜ್ಜ
ಹೋಗಿದ್ದೆ ಮೇಷ್ಟ್ರೇ! ನಿನ್ನೆ ಭಾನುವಾರ ರಾಜಾಜಿನಗರದ ಮನೆಗೆ. ತಕ್ಕಡಿ ಜೇಬಿಂದ ತೆಗೆದಾಗ ಆ ಅಂಕಲ್ ಮುಖ ನೋಡ್ಬೇಕಿತ್ತು, ಹಳೇ ಪೇಪರ್ ತಗೊಳ್ಳೋನು ಅಂದ್ಕೊಂಡ್ರೇನೋ.

ಲ್ಯಾಟ್ ಬಾರಲ್ಲಿ 20 ಕೆಜಿ ಪಿನ್ನಿಗೆ ಎಳೆಯೋವಾಗ 26 ತೋರಿಸ್ತು, ನಿಧಾನ ಬಿಡೋವಾಗ 14. ಕೇಬಲ್ ಒಂದು ಕಡೆ ಸಿಪ್ಪೆ ಎದ್ದಿದೆ. ಒರಿಜಿನಲ್ ಪಿನ್ ಕಳೆದೋಗಿ ಅದರ ಜಾಗದಲ್ಲಿ ಸ್ಕ್ರೂಡ್ರೈವರ್ ಸಿಗಿಸಿದಾರೆ. "ಜಾಸ್ತಿ ಯೂಸ್ ಮಾಡಿಲ್ಲ ಸಾರ್, ಹೊಸದರ ಥರನೇ" ಅಂದ್ರು. ಒಳಗಿಂದ ಆಂಟಿ ಕಾಫಿ ತಂದ್ಕೊಟ್ಟು "ಯೂಸೇ ಮಾಡಿಲ್ಲ ಕಣಪ್ಪ" ಅಂತ ತಿದ್ದಿದ್ರು. ಕಾಫಿ ಚೆನ್ನಾಗಿತ್ತು, ಮಷೀನ್ ತಗೊಳ್ಳಿಲ್ಲ.

ನಿವೃತ್ತ_ಮೇಷ್ಟ್ರು
26 ಮತ್ತು 14. ಬಿಡುವಾಗ ಸ್ನಾಯುವಿಗೆ ಹೆಚ್ಚುಕಮ್ಮಿ ಅರ್ಧ ಕೆಲಸವೇ ಇಲ್ಲ. ಕಂಬಿ ಒರೆಸಿ ಪುಲ್ಲಿ ಬದಲಾಯಿಸಿದರೆ ಸರಿಹೋಗಬಹುದು, ಆದರೆ 14 ಸಾವಿರ ಜಾಸ್ತಿ.

ಬಾಡಿಗೆ_ಬದುಕು
ಜಿಮ್ ಜಿಎಸ್‌ಟಿ ಬೇರೆ 2025ರ ಸೆಪ್ಟೆಂಬರ್ 22ರಿಂದ 18ರಿಂದ 5 ಪರ್ಸೆಂಟಿಗೆ ಇಳಿದಿದೆ, ಮತ್ತೆ ಸೇರ್ಕೊಳ್ಳಿ ಸಾರ್ 😄 ದಿನಕ್ಕೆ 800 ಹೋಗಿ 700 ಆಗಬೋದು.

ಬನಶಂಕರಿ_ಬಸ್ಕಿ
ನನ್ನ ಲೆಕ್ಕ ಕೇಳಿ. ಮಲ್ಟಿಜಿಮ್‌ನಲ್ಲಿ ನಿಜವಾಗ್ಲೂ ಬೇರೆ ಎಲ್ಲೂ ಸುಲಭವಾಗಿ ಸಿಗದೇ ಇರೋದು ಲ್ಯಾಟ್ ಪುಲ್‌ಡೌನ್ ಒಂದೇ. ಚೆಸ್ಟ್ ಪ್ರೆಸ್‌ಗೆ ಬೆಂಚು ಡಂಬೆಲ್, ಕಾಲಿಗೆ ಡಂಬೆಲ್ ಹಿಡ್ಕೊಂಡು ಬಸ್ಕಿ. ಬೆನ್ನಿಗೆ ಬಗ್ಗಿ ಡಂಬೆಲ್ ಎಳೆಯೋದು, ಜೊತೆಗೆ ಬಾಗಿಲ ಮೇಲೆ ಬ್ಯಾಂಡ್. ಕಬ್ಬಿಣದ ಪ್ಲೇಟು 40 ಕೆಜಿ, ಎರಡು ರಾಡು, ಬೆಂಚು, ಎರಡು ಬ್ಯಾಂಡ್, 38 ಸಾವಿರದಲ್ಲಿ ಮೂರನೇ ಒಂದು ಭಾಗ ಆದ್ರೆ ಹೆಚ್ಚು. ವಾರಕ್ಕೆ ಮೂರು ದಿನದ ಹಾಗೆ ಮೂರು ತಿಂಗಳು ಮಾಡಿ. ಕ್ಯಾಲೆಂಡರಲ್ಲಿ ಟಿಕ್ ಹಾಕಿ. 36 ದಿನದಲ್ಲಿ 28 ಆದ್ರೂ ಆದ್ರೆ ಆಮೇಲೆ ಮಷೀನ್ ತಗೊಳ್ಳಿ, ನಾನೇ ಬಂದು ಬೋಲ್ಟ್ ಹಾಕ್ತೀನಿ. ಆಗ್ದೇ ಇದ್ರೆ ಕಬ್ಬಿಣ ಎಲ್ಲೂ ಹೋಗಲ್ಲ, ಯಾವಾಗ ಬೇಕಾದ್ರೂ ಮಾರಬೋದು. ಸಿಮೆಂಟ್ ತುಂಬಿದ ಪ್ಲೇಟ್ ಮಾತ್ರ ಬೇಡವೇ ಬೇಡ.

ಗರಡಿ_ಗುರು
ಬಸ್ಕಿ ಅಂತ ಹೆಸರಿಟ್ಕೊಂಡು ಕೊನೆಗೂ ಬಸ್ಕಿಗೇ ಬಂದ್ರಲ್ಲ, ಸಂತೋಷ.

ಧಾರವಾಡದ_ಅಕ್ಕ
ತಗೊಳ್ರಿ, ಆದ್ರ ಹಾಲ್‌ನ್ಯಾಗ ಇಡ್ರಿ. ಮಹಡಿ ಮ್ಯಾಲೆ ಬ್ಯಾಡ.

ವಿಜಯನಗರದ_ಬೊಜ್ಜ
ಎರಡು ತಿಂಗಳಾದ್ಮೇಲೆ ಬರ್ತಿದೀನಿ, ಸಾರಿ.

ಬನಶಂಕರಿಯವರ ಲಿಸ್ಟೇ ತಗೊಂಡೆ, 11,400 ಆಯ್ತು. ಅಕ್ಕಾವ್ರ ಮಾತು ಕೇಳಿ ಹಾಲ್‌ನಲ್ಲೇ ಶೋಕೇಸ್ ಪಕ್ಕ ಬೆಂಚು. 24 ದಿನ ಆಗ್ಬೇಕಿತ್ತು, 17 ಆಗಿದೆ. ನಡುವೆ ಒಂದು ವಾರ ಕೆಮ್ಮು, ಇನ್ನೊಂದು ವಾರಕ್ಕೆ ಕಾರಣ ಇಲ್ಲ. ತೂಕ 84 ಇದ್ದದ್ದು 83, ಅದೂ ಬೆಳಗ್ಗೆ ನೋಡಿದ್ರೆ. ಆದ್ರೆ ಗ್ಯಾಸ್ ಸಿಲಿಂಡರ್ ಒಳಗೆ ತರೋವಾಗ ಸೊಂಟ ಹಿಡೀಲಿಲ್ಲ.

ಅಮ್ಮ ಕಣ್ಣು ತೋರಿಸ್ಕೊಂಡು ಬಂದ್ರು, ಪರವಾಗಿಲ್ಲ ಅಂದಿದಾರೆ. ಸೀರಿಯಲ್ ಬರೋವಾಗ ಕುರ್ಚಿಯಿಂದ ಎದ್ದು ಕೂತು ಮಾಡ್ತಾರೆ, ಜಾಹೀರಾತು ಬಂದಾಗ ರೆಸ್ಟು. ಜಾಹೀರಾತಲ್ಲಿ ಮಾಡಿ ಸೀರಿಯಲ್ಲಲ್ಲಿ ರೆಸ್ಟ್ ತಗೊಳ್ಳಿ ಅಂದೆ, ಆಗ ಕಥೆ ಸರಿಯಾಗಿ ತಲೆಗೆ ಹೋಗಲ್ವಂತೆ ಸುಮ್ನೆ ಕೂತ್ರೆ.

ತಮಾಷೆ ಅಂದ್ರೆ ಚೀಟಿ ಅಂಟಿಸಿದವಳು ಈಗ ನನಗಿಂತ ರೆಗ್ಯುಲರ್ರು, ಅವಳದು 22 ಟಿಕ್. ನಿನ್ನೆ ಕೇಳ್ತಾಳೆ, ಬ್ಯಾಂಡ್ ಸಾಲ್ತಿಲ್ಲ ರೀ, ಲ್ಯಾಟ್ ಪುಲ್‌ಡೌನ್‌ಗೆ ಏನಾದ್ರೂ ಒಂದು ಮಷೀನ್ ನೋಡಿ ಅಂತ.

ಧಾರವಾಡದ_ಅಕ್ಕ
ಹೇಳಿರಲಿಲ್ಲೇನ್ರಿ ನಾ. ಆಕಿ ನಂಬರ್ ಕೊಡ್ರಿ ನಂಗ, ನಾವಿಬ್ರೂ ಮಾತಾಡ್ಕೋತೀವಿ, ನೀವು ನಡುವ ಬರಬ್ಯಾಡ್ರಿ.

ನಿವೃತ್ತ_ಮೇಷ್ಟ್ರು
ತಕ್ಕಡಿ ಇದೆಯಲ್ಲ ಮನೆಯಲ್ಲಿ.

ತುಮಕೂರ್_ತಟ್ಟೆಇಡ್ಲಿ
ಸಾರ್ ಆ ರಾಜಾಜಿನಗರದ ಮಷೀನ್ ಇನ್ನೂ ಇದ್ಯಾ? 8 ಸಾವಿರಕ್ಕೆ ಕೇಳಿ ನೋಡಿ, ಸ್ಕ್ರೂಡ್ರೈವರ್ ಸೇರಿ.